ಮೂರನೆಯ ಪ್ರಕಟಣೆ

ಅವರಿಬ್ಬರ ಪರಿಚಯ ಶುರುವಾದದ್ದು ಒಂದು ತಕರಾರಿನಿಂದ.

ಅವನು ಸಾಣೆ ಹಿಡಿಯುವವನು. ಆಸ್ಪತ್ರೆಯ ಹಿಂಬಾಗಿಲಿನ ಎದುರಿಗೆ ಒಂದು ಸಣ್ಣ ಅಂಗಡಿ. ಒಳಗೆ ಎರಡು ಸಾಣೆಕಲ್ಲು, ಒಂದು ಚರ್ಮದ ಪಟ್ಟಿ, ಎಣ್ಣೆಯ ಡಬ್ಬಿ, ಕೂರಲು ಒಂದು ಸ್ಟೂಲು. ಆಸ್ಪತ್ರೆಯ ಕತ್ತರಿ ಚಾಕುಗಳೆಲ್ಲ ಮೊಂಡಾದರೆ ಅವನ ಕೈಗೇ ಬರಬೇಕು. ಜನ ಅವನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಚಿಕ್ಕವರಿಗೂ ದೊಡ್ಡವರಿಗೂ ಅವನು ಸಾಣೆ, ಅಷ್ಟೇ.

ಅವಳು ಅದೇ ಆಸ್ಪತ್ರೆಯ ಲ್ಯಾಬಿನವಳು. ರೋಗಿಯ ಮೈಯಿಂದ ಡಾಕ್ಟರು ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಮೆಷಿನ್ನಿಗೆ ಕೂರಿಸಿದ ಉದ್ದನೆಯ ಕತ್ತಿಯಲ್ಲಿ ಈರುಳ್ಳಿಯ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಸ್ಲೈಡಿನ ಮೇಲೆ ಹರಡಿ ಬಣ್ಣ ಹಾಕುವುದು ಅವಳ ಕೆಲಸ. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಿ ಡಾಕ್ಟರ ಮೇಜಿಗೆ ಕಳಿಸುತ್ತಾಳೆ. ಕಾಯಿಲೆ ಇದೆಯೋ ಇಲ್ಲವೋ ಹೇಳಬೇಕಾದವರು ಡಾಕ್ಟರು. ಆದರೆ ಹನ್ನೆರಡು ವರ್ಷ ಅದನ್ನೇ ನೋಡಿದ ಕಣ್ಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡಾಕ್ಟರಿಗಿಂತ ಒಂದು ದಿನ ಮೊದಲೇ ಅವಳಿಗೆ ಗೊತ್ತಾಗುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಎರಡು ವರ್ಷದ ಹಿಂದೆ ಅವಳು ಬಟ್ಟೆಯಲ್ಲಿ ಸುತ್ತಿದ ಕತ್ತಿಯನ್ನು ಹಿಡಿದುಕೊಂಡು ಅವನ ಅಂಗಡಿಗೆ ಬಂದಳು.

"ಇದಕ್ಕೆ ಸಾಣೆ ಹಿಡಿದಿದ್ದು ನೀವೇನಾ?"

"ಹೌದು ಮೇಡಂ."

"ಸ್ವಲ್ಪ ಬನ್ನಿ ನನ್ನ ಜೊತೆ."

ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆ ಹುಡುಗನ ಹಾಗೆ ಅವನು ಹಿಂದೆ ಹೋದ. ಅವಳು ಅವನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಗುಲಾಬಿ, ನೇರಳೆ ಬಣ್ಣದ ಹರವು. ಅದರ ನಡುವೆ ಉದ್ದಕ್ಕೂ ಒಂದು ಬಿಳಿ ಗೀರು.

"ಕಾಣ್ತಾ? ಕತ್ತಿಯ ಅಲಗಲ್ಲಿ ಎಲ್ಲೋ ಒಂದು ಹಲ್ಲು ಉಳಿಸಿದೀರ. ಈ ಚೂರು ಯಾರೋ ಒಬ್ಬ ತಾಯೀದು. ನೋಡಬೇಕಾಗಿರೋದು ಆ ಗೀರಿನ ಜಾಗದಲ್ಲೇ ಇದ್ದಿದ್ರೆ?"

ಅಲ್ಲಿಯವರೆಗೆ ಅವನಿಗೆ ತನ್ನ ಕೆಲಸವೆಂದರೆ ಕಲ್ಲು ಮತ್ತು ಕಬ್ಬಿಣ ಮಾತ್ರವಾಗಿತ್ತು. ಆ ದಿನ ಅಂಗಡಿಗೆ ಬಂದ ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಅರ್ಧ ದಿನ ಅದೊಂದೇ ಕತ್ತಿಯ ಮುಂದೆ ಕೂತ.

ತಿರುಗಿ ಕೊಟ್ಟಾಗ ಅವಳು ತನ್ನ ತಲೆಯಿಂದ ಒಂದು ಕೂದಲು ಕಿತ್ತು ಅಲಗಿಗೆ ತಾಗಿಸಿದಳು. ಕೂದಲು ಎರಡಾಗಿ ಬಿತ್ತು. ಅವಳ ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗು ಕಾಣಿಸಿಕೊಂಡಿತು, ಇನ್ನೊಂದು ಮೂಲೆ ಬಿಗುವಾಗಿಯೇ ಇತ್ತು. ಆ ಇನ್ನೊಂದು ಮೂಲೆಗಾಗಿ ಸಾಣೆ ಎರಡು ವರ್ಷ ಕತ್ತಿ ಮಸೆದ.

ಹದಿನೈದು ದಿನಕ್ಕೊಮ್ಮೆ ಮಂಗಳವಾರ ಕತ್ತಿ ಬರುತ್ತಿತ್ತು. ಜೊತೆಗೆ ಅವಳೂ.

"ಭಾನುವಾರ ಚರ್ಚಲ್ಲಿ ಕೊನೇ ಬೆಂಚಲ್ಲಿ ಕೂತು, ಆಶೀರ್ವಾದಕ್ಕೆ ಮೊದಲೇ ಜಾರಿಕೊಳ್ಳೋರು ನೀವೇ ಅಲ್ವಾ?" ಎಂದು ಒಮ್ಮೆ ಕೇಳಿದಳು.

"ನೀವು ಮುಂದೆ ಕೂರೋರು. ಹಿಂದಿನದು ಹೇಗೆ ಗೊತ್ತಾಯ್ತು?"

"ಬಾಗಿಲು ಕಿರ್ ಅನ್ನುತ್ತಲ್ಲ. ದಿನವಿಡೀ ಎಣ್ಣೆ ಡಬ್ಬಿ ಇಟ್ಕೊಂಡು ಕೂರೋರು, ಎರಡು ಹನಿ ಅದಕ್ಕೂ ಬಿಡಬಾರದಾ?"

ಅವನು ಬಾಗಿಲಿಗೆ ಎಣ್ಣೆ ಬಿಟ್ಟ. ಮುಂದಿನ ಭಾನುವಾರದಿಂದ ಸದ್ದಿಲ್ಲದೆ ಜಾರಿಕೊಳ್ಳಬಹುದಾಗಿದ್ದರೂ ಕೊನೆಯವರೆಗೆ ಕೂತ. ಅವಳ ಬೆನ್ನು, ಹಾಡುವಾಗ ಸ್ವಲ್ಪ ಎಡಕ್ಕೆ ವಾಲುವ ಅವಳ ತಲೆ ಅವನಿಗೆ ಬಾಯಿಪಾಠವಾಯಿತು. ಅವನಿಗಾಗ ಮೂವತ್ತೊಂಬತ್ತು, ಅವಳಿಗೆ ಮೂವತ್ತೈದು. ಇಬ್ಬರ ಮದುವೆಯ ಮಾತನ್ನೂ ಬಂಧುಗಳು ಕೈಬಿಟ್ಟು ವರ್ಷಗಳಾಗಿದ್ದವು. ಅವನು ಕೇಳಿದ ದಿನ ಅವಳು ಕತ್ತಿಯ ಬಟ್ಟೆಯನ್ನು ನಾಲ್ಕು ಸಲ ಮಡಚಿ, ನಾಲ್ಕು ಸಲ ಬಿಡಿಸಿ, "ಕೇಳೋಕೆ ಇಷ್ಟು ದಿನ ಬೇಕಾಯ್ತಾ ಸಾಣೆಯವರೇ?" ಎಂದಳು. ಆಗ ತುಟಿಯ ಎರಡೂ ಮೂಲೆ ನಕ್ಕವು.

*

ಅವರ ಚರ್ಚಿನ ಸಭೆಯಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪ್ರಕಟಣೆ ಆಗಬೇಕು. ಪಾಸ್ಟರು ಗಂಡು ಹೆಣ್ಣಿನ ಹೆಸರು ಓದಿ, ಈ ಮದುವೆಗೆ ತಕ್ಕ ಅಡ್ಡಿ ಯಾರಿಗಾದರೂ ತಿಳಿದಿದ್ದರೆ ಹೇಳಬೇಕು ಎಂದು ಕೇಳುತ್ತಾರೆ. ಒಂದು ಕ್ಷಣ ಕಾಯುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಯಾರಾದರೂ ಕೆಮ್ಮಿದರೆ ಉಳಿದವರು ತಿರುಗಿ ನೋಡಿ ನಗುತ್ತಾರೆ, ಅಷ್ಟೇ.

ಮೊದಲ ಪ್ರಕಟಣೆಯ ದಿನ ಬೆಳಿಗ್ಗೆ ಗಡ್ಡ ಹೆರೆಯುವಾಗ ಅವನ ಕೈಗೆ ಎಡದವಡೆಯ ಕೆಳಗೆ ಒಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು ದಪ್ಪ. ನೋವಿಲ್ಲ. ಅವನು ಚರ್ಚಿಗೆ ಹೋದ, ತನ್ನ ಹೆಸರು ಅವಳ ಹೆಸರಿನ ಪಕ್ಕದಲ್ಲಿ ಕೇಳಿ ಖುಷಿಪಟ್ಟ, ಕೈ ಮಾತ್ರ ಮತ್ತೆ ಮತ್ತೆ ಕುತ್ತಿಗೆಗೆ ಹೋಗುತ್ತಿತ್ತು. ಅದು ಅವಳ ಕಣ್ಣಿಗೆ ಬಿತ್ತು.

"ಏನದು?"

"ಏನೋ ಗಂಟು."

ಅವಳು ಎರಡು ಬೆರಳಿಟ್ಟು ಮುಟ್ಟಿ ನೋಡಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. "ನಾಳೆ ಡಾಕ್ಟರಿಗೆ ತೋರಿಸಿ," ಎಂದಳು.

ಮಂಗಳವಾರ ಡಾಕ್ಟರು ಚೂರು ತೆಗೆದು ಬಾಟಲಿಗೆ ಹಾಕಿದರು. ಬಾಟಲಿಯ ಮೇಲೆ ನಂಬರು ಬರೆದು ಅವಳ ಲ್ಯಾಬಿಗೇ ಕಳಿಸಿದರು, ಬೇರೆ ಲ್ಯಾಬು ಇರಲಿಲ್ಲ.

"ಇದನ್ನ ಬೇರೆ ಯಾರಿಗಾದ್ರೂ ಕೊಡಿ," ಎಂದ ಅವನು.

"ಕೊಡಲ್ಲ. ನಿಮ್ಮದನ್ನ ನಾನೇ ಕತ್ತರಿಸ್ತೀನಿ," ಎಂದಳು. ಮೆಷಿನ್ನಿನಲ್ಲಿದ್ದದ್ದು ಹಿಂದಿನ ವಾರ ಅವನೇ ಸಾಣೆ ಹಿಡಿದ ಕತ್ತಿ.

ಎರಡು ದಿನ ಕಳೆದ ಮೇಲೆ ಮನಸ್ಸು ತಡೆಯದೆ ಅವನು ಲ್ಯಾಬಿನ ಬಾಗಿಲವರೆಗೆ ಹೋದ. ಬಾಗಿಲಿನ ಗಾಜಿನಿಂದ ಅವಳ ಬೆನ್ನು ಕಂಡಿತು. ಮೈಕ್ರೋಸ್ಕೋಪಿನ ಮೇಲೆ ಬಾಗಿದ್ದಳು. ಭುಜಗಳು ಅಲುಗುತ್ತಿದ್ದವು. ಅವನು ಅಷ್ಟು ಭಾನುವಾರ ನೋಡಿದ ಬೆನ್ನು ಅದು, ಅಳುತ್ತಿದೆ ಎಂದು ಹೇಳಲು ಮುಖ ನೋಡಬೇಕಾಗಿರಲಿಲ್ಲ. ಅವನು ಬಂದ ದಾರಿಯಲ್ಲೇ ವಾಪಸ್ಸು ಹೋಗಿ ಸ್ಟೂಲಿನ ಮೇಲೆ ಕೂತ. ಆ ದಿನ ಕಲ್ಲು ತಿರುಗಲಿಲ್ಲ.

ಸಂಜೆ ಅವಳು ಬಂದು, "ಡಾಕ್ಟರು ಸ್ಲೈಡನ್ನ ದೊಡ್ಡಾಸ್ಪತ್ರೆಗೆ ಕಳಿಸ್ತಿದಾರೆ. ಇನ್ನೊಬ್ಬರೂ ನೋಡಲಿ ಅಂತ. ಎರಡು ವಾರ ಆಗಬಹುದು," ಎಂದಳು.

"ನೀವು ನೋಡಿದ್ರಾ?" ಎಂದು ಕೇಳುವುದಿತ್ತು. ಅವನು ಕೇಳಲಿಲ್ಲ. ಅವಳು ಕೆಲಸದ ಮಾತು ಯಾರಿಗೂ ಹೇಳುವವಳಲ್ಲ ಎಂಬುದು ಒಂದು ಕಾರಣ. ಹೇಳಿಬಿಟ್ಟರೆ ಎಂಬ ಭಯ ಇನ್ನೊಂದು.

ಅಲ್ಲಿಂದ ಅವಳು ಬದಲಾದಳು. ಕೀಟಲೆ ನಿಂತಿತು. ಬಸ್ಸಿನಲ್ಲಿ, ಜನ ನೋಡುತ್ತಾರೆ ಎಂಬ ಸಂಕೋಚವೂ ಇಲ್ಲದೆ ಅವನ ಕೈ ಹಿಡಿದು ಕೂರುತ್ತಿದ್ದಳು. ಪ್ರತಿ ಶುಕ್ರವಾರ ಉಪವಾಸ ಶುರುಮಾಡಿದಳು. ಒಮ್ಮೆ ಅವನು, "ಮದುವೇನ ಒಂದಾರು ತಿಂಗಳು ಮುಂದಕ್ಕೆ ಹಾಕೋಣ್ವಾ?" ಎಂದಾಗ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ, "ಬೇಡ. ಒಂದು ದಿನಾನೂ ಬೇಡ," ಎಂದಳು. ಇವಳಿಗೆ ದಿನಗಳ ಲೆಕ್ಕ ಗೊತ್ತು, ಅದಕ್ಕೇ ಅವಸರ ಎಂದು ಅವನಿಗೆ ಖಾತ್ರಿಯಾಯಿತು.

ಎರಡನೆಯ ಪ್ರಕಟಣೆಯೂ ಆಯಿತು. ಯಾರೂ ಕೆಮ್ಮಲಿಲ್ಲ.

*

ಅವನನ್ನು ಸಾಕಿದವಳು ಅಕ್ಕ. ಒಂದೇ ಮನೆಯಲ್ಲಿ ಇಬ್ಬರೂ. ಭಾವ ತೀರಿಕೊಂಡು ಆರು ವರ್ಷವಾದರೂ ಊಟದ ಮೇಜಿನ ಬಳಿ ಅವರ ಕುರ್ಚಿ ಹಾಗೇ ಇತ್ತು. ಭಾವ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಅಕ್ಕ ಅವರನ್ನು ಎತ್ತಿ, ತೊಳೆದು, ಉಣ್ಣಿಸಿ, ಮಲಗಿಸಿ ನಾಲ್ಕು ವರ್ಷದಲ್ಲಿ ಹತ್ತು ವರ್ಷ ಮುದುಕಿಯಾದಳು. ಅದೆಲ್ಲ ಅವನ ಕಣ್ಣೆದುರಿಗೇ ನಡೆದದ್ದು. ಇಷ್ಟಾದರೂ ಅಕ್ಕ ಪ್ರತಿ ಸಂಜೆ ಆ ಕುರ್ಚಿಯ ಪಕ್ಕದಲ್ಲಿ ಕೂತು ದೇವರಿಗೆ ಸ್ತೋತ್ರ ಹೇಳುತ್ತಿದ್ದಳು. ಯಾತಕ್ಕೆ ಸ್ತೋತ್ರ ಎಂದು ಅವನಿಗೆ ಅರ್ಥವಾಗಿರಲಿಲ್ಲ.

ಅವನೂ ಈ ಎರಡು ವಾರ ಪ್ರಾರ್ಥನೆ ಮಾಡಿದ್ದ. ವಾಸಿಮಾಡು ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಭಾವನಿಗಾಗಿ ಹಾಗೆ ಕೇಳಿ ಕೇಳಿ ಬಾಯಿ ಒಣಗಿತ್ತು. "ಏನಿದೆಯೋ ಗೊತ್ತಾಗಿಬಿಡಲಿ ತಂದೆ, ಅಷ್ಟು ಸಾಕು," ಎಂದಷ್ಟೇ ಬೇಡಿದ. ಆ ಕಡೆಯಿಂದ ಯಾವ ಸುಳಿವೂ ಬರಲಿಲ್ಲ. ಅಂಗಡಿಯ ಕಲ್ಲಿಗೆ ಮಾತಾಡಿದ ಹಾಗಿತ್ತು.

ಮೂರನೆಯ ಭಾನುವಾರ ಬೆಳಿಗ್ಗೆ ಅಕ್ಕ ಅವನ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಹಿಡಿದ ಅವಳ ಮಣಿಕಟ್ಟು ಬಗ್ಗಿಹೋಗಿತ್ತು. ಭಾವನನ್ನು ಎತ್ತಿ ಎತ್ತಿ ಆದದ್ದು ಅದು. ಅವನು ಆ ಮಣಿಕಟ್ಟನ್ನು ನೋಡಿದ. ಅದರ ಜಾಗದಲ್ಲಿ ಇನ್ನೊಂದು ಕೈ ಕಾಣಿಸಿತು, ಕೂದಲು ಹಿಡಿದು ಅಲಗಿಗೆ ತಾಗಿಸುವ ಆ ತೆಳ್ಳನೆಯ ಬೆರಳುಗಳು. ಮನಸ್ಸು ಗಟ್ಟಿಮಾಡಿಕೊಂಡ.

*

ಪಾಸ್ಟರು ಇಬ್ಬರ ಹೆಸರನ್ನೂ ಓದಿದರು. ಇದು ಮೂರನೆಯ ಹಾಗೂ ಕೊನೆಯ ಪ್ರಕಟಣೆ ಎಂದರು. ಅಡ್ಡಿ ಯಾರಿಗಾದರೂ ತಿಳಿದಿದ್ದರೆ ಹೇಳಬೇಕು ಎಂದು, ರೂಢಿಯಂತೆ ಕನ್ನಡಕ ಸರಿಮಾಡಿಕೊಳ್ಳುತ್ತ ಒಂದು ಕ್ಷಣ ಕಾದರು.

"ನಂಗೆ ತಿಳಿದಿದೆ," ಎಂದು ಅವನು ಎದ್ದು ನಿಂತ.

ಮೂವತ್ತು ವರ್ಷದಿಂದ ಆ ಪ್ರಶ್ನೆ ಕೇಳುತ್ತಿದ್ದ ಪಾಸ್ಟರಿಗೆ ಮೊದಲ ಸಲ ಉತ್ತರ ಬಂದಿತ್ತು, ಅದೂ ಮದುವೆ ಗಂಡಿನಿಂದ. ಅವರು ಪುಸ್ತಕವನ್ನು ಮುಚ್ಚದೆ ಬೆರಳು ಸಿಕ್ಕಿಸಿ ಹಿಡಿದು, "ಏನಪ್ಪಾ ನೀನು ಹೇಳ್ತಿರೋದು?" ಎಂದರು.

"ನಂಗೆ ಕಾಯಿಲೆ ಇದೆ ಪಾಸ್ಟರ್. ಕತ್ತಲ್ಲಿ ಗಂಟು. ರಿಪೋರ್ಟು ಇನ್ನೂ ಬಂದಿಲ್ಲ, ಆದ್ರೆ ಅವಳಿಗೆ ಗೊತ್ತು. ಸ್ಲೈಡು ನೋಡಿದವಳೇ ಅವಳು. ಅದನ್ನ ನೋಡಿ ಅತ್ತಿದ್ದು ನಾನು ಕಂಡಿದೀನಿ. ಕನಿಕರಕ್ಕೆ ನನ್ನ ಕೈ ಹಿಡೀತಿದಾಳೆ. ನಮ್ಮಕ್ಕ ನಾಲ್ಕು ವರ್ಷ ಪಟ್ಟ ಪಾಡು ನಾನು ನೋಡಿದೀನಿ. ಇನ್ನೊಬ್ಬಳಿಗೆ ಅದು ಬೇಡ. ಪ್ರಕಟಣೆ ನಿಲ್ಲಿಸಿ."

ಇಷ್ಟನ್ನೂ ಅವನು ಪಾಸ್ಟರ ಕಡೆ ನೋಡಿಯೇ ಹೇಳಿದ. ಹೆಂಗಸರ ಸಾಲಿನ ಕಡೆ ಕಣ್ಣು ತಿರುಗಿಸಲಿಲ್ಲ.

"ನಿಂಗೆ ಬೇರೆ ಹೆಂಡತಿ ಇದಾಳಾ?" ಎಂದು ಪಾಸ್ಟರು ಮೆಲ್ಲಗೆ ಕೇಳಿದರು.

"ಇಲ್ಲ."

"ಅವಳು ನಿನ್ನ ರಕ್ತಸಂಬಂಧವಾ? ಯಾರಾದ್ರೂ ಬಲವಂತ ಮಾಡಿದಾರಾ?"

"ಇಲ್ಲ ಪಾಸ್ಟರ್."

"ನಾನು ಕೇಳೋ ಅಡ್ಡಿಗಳು ಇಷ್ಟೇ ಕಣಪ್ಪ. ಕಾಯಿಲೆ ಅದರಲ್ಲಿಲ್ಲ."

ಅಷ್ಟರಲ್ಲಿ ಅಕ್ಕ ಎದ್ದಳು. ಸಭೆಯಲ್ಲಿ ಯಾವತ್ತೂ ಗಟ್ಟಿಯಾಗಿ ಮಾತಾಡದವಳು.

"ನನ್ನ ಹೆಸರು ಹೇಳ್ಕೊಂಡು ನಿಂತ್ಯಲ್ಲ, ನನ್ನ ಒಂದು ಮಾತು ಕೇಳಿದ್ಯೇನೋ?" ಎಂದಳು. "ಆ ನಾಲ್ಕು ವರ್ಷ ನಂಗೆ ಬೇಡವಾಗಿತ್ತು ಅಂತ ಯಾರು ಹೇಳಿದ್ರು ನಿಂಗೆ? ಮೈ ಸೋತಿತ್ತು, ನಿಜ. ದೇವರ ಮೇಲೆ ಸಿಟ್ಟು ಮಾಡ್ಕೊಂಡು ಮಾತು ಬಿಟ್ಟ ದಿನಗಳೂ ಇದ್ವು. ಆದ್ರೆ ಅಷ್ಟು ದಿನ ನಿಮ್ಮ ಭಾವ ನನ್ನ ಜೊತೆ ಇದ್ರು. ನಾನು ಸಂಜೆ ಸ್ತೋತ್ರ ಹೇಳೋದು ಅದಕ್ಕೇ. ನನ್ನ ಬದುಕನ್ನ ತೋರಿಸಿ ಇನ್ನೊಬ್ಬಳನ್ನ ಹೆದರಿಸ್ಬೇಡ."

ಅವಳು ಕೂತಳು. ಅವನು ಕೂರಲೂ ಆಗದೆ ನಿಲ್ಲಲೂ ಆಗದೆ ಮುಂದಿನ ಬೆಂಚಿನ ಒರಗು ಹಿಡಿದುಕೊಂಡ.

ಆಗ ಹೆಂಗಸರ ಸಾಲಿನಿಂದ ಮದುವೆ ಹೆಣ್ಣಿನ ದನಿ ಬಂತು.

"ನಾನು ನೋಡಿಲ್ಲ."

ಅವನು ತಿರುಗಿದ. ಅವಳು ಎದ್ದು ನಿಂತಿದ್ದಳು, ಮುಖ ಬಿಳಿಚಿತ್ತು.

"ಕತ್ತರಿಸಿದ್ದು ನಾನೇ, ಬಣ್ಣ ಹಾಕಿದ್ದೂ ನಾನೇ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟಿದ್ದೂ ನಾನೇ. ಆದ್ರೆ ಕಣ್ಣು ಮುಚ್ಕೊಂಡಿದ್ದೆ. ನೀನು ಬಾಗಿಲಲ್ಲಿ ನಿಂತು ನೋಡಿದ್ದು ಆವಾಗ್ಲೇ ಇರ್ಬೇಕು."

ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಅವಳಿಗದು ಗೊತ್ತಾಯಿತೋ ಇಲ್ಲವೋ.

"ಒಂದು ಸಲ ಕಣ್ಣು ಬಿಟ್ಟಿದ್ರೆ ಗೊತ್ತಾಗ್ಬಿಡೋದು. ಎಷ್ಟು ಆಸೆ ಆಯ್ತು ಅಂತ ನಿಂಗೆ ಹೇಗೆ ಹೇಳ್ಲಿ? ಆದ್ರೆ ನೋಡ್ಬಿಟ್ರೆ, ಆಮೇಲೆ ನಾನು ಹೂಂ ಅಂದಿದ್ದು ನಿಂಗೋ, ಆ ಸ್ಲೈಡಿಗೋ ಅಂತ ನಂಗೇ ತಿಳೀತಿರ್ಲಿಲ್ಲ. ಸ್ಲೈಡು ಚೆನ್ನಾಗಿದ್ರೆ ಮಾತ್ರ ನಂಬ್ತೀನಿ ಅಂದ್ರೆ ಅದು ನಂಬಿಕೆ ಹೇಗಾಗುತ್ತೆ? ಅದಕ್ಕೇ, ಗೊತ್ತಿಲ್ದೆ ಇರೋ ಶಕ್ತಿ ಕೊಡು ಯೇಸಪ್ಪಾ ಅಂತ ಅಲ್ಲೇ ಕೂತು ಅತ್ತೆ. ಟ್ರೇ ಎತ್ಕೊಂಡು ಹೋಗಿ, ಬಣ್ಣ ನೀವೇ ನೋಡಿ ಸಾರ್ ಅಂತ ನಮ್ಮ ಲ್ಯಾಬಿನ ಹಿರಿಯರ ಕೈಗೆ ಕೊಟ್ಟೆ. ಅವರು ಏನು ಕಂಡ್ರು ಅಂತ ಇವತ್ತಿಗೂ ಕೇಳಿಲ್ಲ."

"ಮತ್ತೆ ಬಸ್ಸಲ್ಲಿ... ಉಪವಾಸ... ಒಂದು ದಿನಾನೂ ಬೇಡ ಅಂದಿದ್ದು?" ಎಂದ ಅವನು.

"ಭಯ ಆಗ್ತಿತ್ತು. ನಂಬಿಕೆ ಇದ್ದೋರಿಗೆ ಭಯ ಇರಲ್ಲ ಅಂತ ಯಾರು ಹೇಳಿದ್ದು? ಭಯ ಆದಾಗ ಕೈ ಹಿಡ್ಕೊಳ್ಳೋಕೆ ನೀನು ಪಕ್ಕದಲ್ಲೇ ಇದ್ದೆ, ಹಿಡ್ಕೊಂಡೆ. ಅದನ್ನ ಕನಿಕರ ಅಂದ್ಬಿಟ್ಟೆ ನೀನು."

ಪಾಸ್ಟರು ಕನ್ನಡಕ ತೆಗೆದು ನಿಲುವಂಗಿಯ ತೋಳಿನಿಂದ ಒರೆಸಿದರು. ಆಮೇಲೆ ಅವನ ಕಡೆ ನೋಡಿ, "ಅಡ್ಡಿ ಹಾಕಿದವನು ನೀನು. ವಾಪಸ್ ತಗೊಳ್ಬೇಕಾದವನೂ ನೀನೇ," ಎಂದರು.

ಗೊತ್ತಾಗಿಬಿಡಲಿ ಎಂದು ತಾನು ದೇವರಲ್ಲಿ ಬೇಡಿದ್ದು ಅವನಿಗೆ ನೆನಪಾಯಿತು. ಗೊತ್ತಾಗಿತ್ತು, ತಾನು ಕೇಳಿದ್ದು ಬೇರೆಯಾಗಿದ್ದರೂ.

"ತಗೊಂಡೆ ಪಾಸ್ಟರ್," ಎಂದು ಕೂತ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಪಕ್ಕದವಳಿಗೆ ಕೇಳಿಸುವ ಹಾಗೆ, "ಶರ್ಟಿನ ಇಸ್ತ್ರಿ ಪೂರ್ತಿ ಹಾಳುಮಾಡ್ಕೊಂಡ," ಎಂದಳು.

*

ರಿಪೋರ್ಟು ಬಂದದ್ದು ಗುರುವಾರ ಮಧ್ಯಾಹ್ನ. ಶನಿವಾರ ಮದುವೆ. ಲ್ಯಾಬಿನ ಹೊರಗಿನ ಮರದ ಬೆಂಚಿನ ಮೇಲೆ ಇಬ್ಬರೂ ಕೂತರು. ಕವರನ್ನು ಅವಳು ಅವನ ತೊಡೆಯ ಮೇಲಿಟ್ಟಳು.

"ನೀನೇ ಓದು."

"ಶನಿವಾರ ಆದ್ಮೇಲೆ ಓದೋಣ್ವಾ?"

"ಯಾಕೆ? ಓದಿದ್ರೆ ಶನಿವಾರ ಬದಲಾಗುತ್ತಾ?"

ಅವನು ಕವರು ಹರಿದ. ಪೂರ್ತಿ ಒಂದು ಪುಟ. ನಿಧಾನವಾಗಿ ಓದಿದ, ಕೊನೆಯ ಎರಡು ಸಾಲನ್ನು ಮತ್ತೊಮ್ಮೆ ಓದಿದ. ಹಾಳೆಯ ಹಿಂದೆ ಏನಾದರೂ ಇದೆಯೇ ಎಂದು ತಿರುಗಿಸಿ ನೋಡಿದ. ಖಾಲಿ.

"ಖಚಿತವಾಗಿ ಹೇಳೋಕೆ ಆಗಲ್ಲವಂತೆ. ಮೂರು ತಿಂಗಳು ಬಿಟ್ಟು ಮತ್ತೆ ಚೂರು ತೆಗೆದು ನೋಡ್ಬೇಕಂತೆ."

ಅವಳು ಹಾಳೆ ಇಸಕೊಂಡು ತಾನೂ ಓದಿದಳು. ಅವಳ ಕಣ್ಣಿಂದ ಒಂದು ಹನಿ ಡಾಕ್ಟರ ಸಹಿಯ ಮೇಲೆ ಬಿತ್ತು. ಅವನಿಗೆ ನಗು ಬಂತು. ಆ ನಗುವಿನಲ್ಲಿ ಸುಖವೇನೂ ಇರಲಿಲ್ಲ, ಆದರೆ ತಡೆಯಲು ಆಗಲಿಲ್ಲ. ಈ ಹಾಳೆಗಾಗಿ ಅವನು ಎಪ್ಪತ್ತು ಜನರ ಮುಂದೆ ಎದ್ದು ನಿಂತು ಅವಳನ್ನು ಬಿಟ್ಟುಕೊಡಲು ಹೊರಟಿದ್ದ. ಹಾಳೆಗೇ ಏನೂ ಗೊತ್ತಿರಲಿಲ್ಲ.

"ಕಣ್ಣು ಬಿಟ್ಟಿದ್ರೂ ನಂಗೆ ತಿಳೀತಿರ್ಲಿಲ್ಲ ಅನ್ಸುತ್ತೆ," ಎಂದಳು ಅವಳು, ಮೂಗೊರೆಸಿಕೊಳ್ಳುತ್ತ. "ಸುಮ್ನೆ ಅಷ್ಟು ಕಷ್ಟಪಟ್ಟೆ."

"ಸುಮ್ನೆ ಆಗ್ಲಿಲ್ಲ," ಎಂದ ಅವನು.

ಅವಳು ಕಣ್ಣು ಮುಚ್ಚಿದಳು, ತುಟಿಗಳು ಅಲುಗಿದವು. ಅವನೂ ಮುಚ್ಚಿದ. ಈ ಸಲ ಅವನು ಏನನ್ನೂ ಕೇಳಲಿಲ್ಲ. ಮೂರು ತಿಂಗಳು ಇದೆ, ಅಲ್ಲಿವರೆಗೂ ಇರು, ಆಮೇಲೂ ಇರು ಎಂದಷ್ಟೇ ಹೇಳಿದ.

ಕಣ್ಣು ಬಿಟ್ಟವನೇ, "ಕತ್ತಿ ಕೊಡು," ಎಂದ.

"ಹೋದ ವಾರ ತಾನೇ ಸಾಣೆ ಹಿಡಿದಿದ್ದೀಯ."

"ಮೂರು ತಿಂಗಳಿಗೆ ಮತ್ತೆ ನನ್ನ ಚೂರೇ ಬರುತ್ತಲ್ಲ. ಒಂದು ಹಲ್ಲೂ ಉಳೀಬಾರದು. ಇವತ್ತಿಂದ್ಲೇ ಶುರುಮಾಡ್ತೀನಿ."

ಅವಳು ಒಳಗೆ ಹೋಗಿ ಕತ್ತಿ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ತಂದಳು. ಕೊಟ್ಟಳು, ಆದರೆ ಬಟ್ಟೆಯ ತುದಿ ಬಿಡಲಿಲ್ಲ.

"ಶನಿವಾರದೊಳಗೆ ಮುಗಿಯುತ್ತಾ ಸಾಣೆಯವರೇ?"

"ಶನಿವಾರ ಅಂಗಡಿ ರಜ. ಬೇರೆ ಕೆಲಸ ಇದೆ."

"ಪರೀಕ್ಷೆಗೆ ಕೂದಲು?"

"ಭಾನುವಾರದಿಂದ ಮನೇಲೇ ಸಿಗುತ್ತಲ್ಲ."

ತುಟಿಯ ಎರಡೂ ಮೂಲೆ ನಕ್ಕವು. ಬಟ್ಟೆಯ ತುದಿ ಬಿಟ್ಟಳು.

ಶನಿವಾರ ಚರ್ಚಿನ ಬಾಗಿಲು ಸದ್ದು ಮಾಡಲಿಲ್ಲ. ಪ್ರತಿಜ್ಞೆ ಹೇಳಿಸುವಾಗ ಆರೋಗ್ಯದಲ್ಲೂ ಕಾಯಿಲೆಯಲ್ಲೂ ಜೊತೆಗಿರುತ್ತೇನೆ ಎಂಬ ಮಾತು ಬಂದಲ್ಲಿ ಪಾಸ್ಟರು ಸ್ವಲ್ಪ ನಿಧಾನಿಸಿದರು. ಅವಳು ನಿಧಾನಿಸಲಿಲ್ಲ. ಅವನ ಕೈ ಕುತ್ತಿಗೆಯ ಕಡೆ ಏಳಹೋಗಿ, ಅವಳ ಕೈಯಲ್ಲೇ ಉಳಿಯಿತು. ಮುಂದಿನ ಬೆಂಚಿನಲ್ಲಿ ಅಕ್ಕ, ತನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಖಾಲಿ ಜಾಗ ಬಿಟ್ಟು ಕೂತಿದ್ದಳು. ಪಾಸ್ಟರು ಎರಡೂ ಕೈ ಎತ್ತಿದರು, ಎಲ್ಲರೂ ತಲೆ ಬಾಗಿಸಿದರು. ಆಶೀರ್ವಾದ ಮುಗಿಯುವವರೆಗೂ ಅವನು ಅಲ್ಲೇ ಇದ್ದ.